ನೂಲಿಗೆ ತಕ್ಕ ಹೆಣಿಗೆ ಕಡ್ಡಿ: ಬಿದಿರು, ಮರ, ಅಲ್ಯುಮಿನಿಯಂ, ಉಕ್ಕು, ಇವುಗಳಲ್ಲಿ ಯಾವುದಕ್ಕೆ ಯಾವುದು?

ಪ್ರಶ್ನೆ: ನೂಲೆಳೆ

ಎಲ್ಲರಿಗೂ ನಮಸ್ಕಾರ. ಕೆಲವು ವರ್ಷಗಳಿಂದ ಹೆಣಿಗೆ ಮಾಡುತ್ತಿದ್ದೇನೆ. ಇದುವರೆಗೆ ಹೆಣೆದದ್ದು ಬಹುಪಾಲು ಸಾಧಾರಣ ದಪ್ಪದ ಉಣ್ಣೆ ಮತ್ತು ಅಕ್ರಿಲಿಕ್ ನೂಲಿನಲ್ಲಿ, ಅದೂ ಉದ್ದನೆಯ ಅಲ್ಯುಮಿನಿಯಂ ಕಡ್ಡಿಗಳಲ್ಲಿ. ಕಡ್ಡಿ ಆರಿಸುವಾಗ ಮಿಲಿಮೀಟರ್ ಅಳತೆಯನ್ನು ನೋಡುತ್ತಿದ್ದೆನೇ ಹೊರತು ಅದನ್ನು ಯಾವುದರಿಂದ ಮಾಡಿದ್ದಾರೆ ಎಂದು ಯೋಚಿಸುವ ಪ್ರಸಂಗ ಬಂದಿರಲಿಲ್ಲ.

ಈಗ ಬಂದಿದೆ. ನನ್ನ ಮುಂದೆ ಮೂರು ಬಗೆಯ ನೂಲುಗಳಿವೆ. ಲೇಸ್ (ಜಾಲರಿಯಂಥ ತೂತು ವಿನ್ಯಾಸದ) ಶಾಲಿಗೆಂದು ಮೆರಿನೊ ಕುರಿಯ ಉಣ್ಣೆ ಮತ್ತು ರೇಷ್ಮೆ ಬೆರೆತ ತೆಳ್ಳನೆಯ ನೂಲು, ಒಂದು ಅಂಗಿಗೆ ಹೊಳಪಿಲ್ಲದ ಹತ್ತಿ ನೂಲು, ಮತ್ತು ಮುಂದೆಂದಾದರೂ ಹೆಣೆಯಬೇಕೆಂದು ಇಟ್ಟುಕೊಂಡಿರುವ ಮೊಹೇರ್. ರೇಷ್ಮೆ ಬೆರಕೆಯ ನೂಲನ್ನು 3.5 ಮಿ.ಮೀ. ಅಲ್ಯುಮಿನಿಯಂ ಕಡ್ಡಿಗೆ ಹಾಕಿದರೆ, ಮೂರು ಕುಣಿಕೆಗಳನ್ನು ಒಂದು ಮಾಡುವಷ್ಟರಲ್ಲಿ ಪಕ್ಕದ ಕುಣಿಕೆ ತುದಿಯಿಂದ ಕಳಚಿಕೊಂಡು ಕೆಳಗಿನ ಸಾಲಿಗೆ ಇಳಿದುಬಿಡುತ್ತದೆ. ಅದೇ ಕಡ್ಡಿಯ ಮೇಲೆ ಹತ್ತಿ ನೂಲು ಮಾತ್ರ ಅಂಟಿಕೊಂಡಂತೆ ಕೂರುತ್ತದೆ. ಪ್ರತಿಯೊಂದು ಕುಣಿಕೆಯನ್ನೂ ಬೆರಳಿನಿಂದ ತಳ್ಳಬೇಕಾಗಿ, ಸ್ವಲ್ಪ ಹೊತ್ತಿಗೆ ಹೆಬ್ಬೆರಳಿನ ಬುಡ ನೋಯಲಾರಂಭಿಸುತ್ತದೆ.

ತುದಿ ಬದಲಿಸಬಹುದಾದ ಸರ್ಕ್ಯುಲರ್ ಕಡ್ಡಿಗಳ, ಅಂದರೆ ಬಾಗುವ ಕೇಬಲ್‌ನ ಎರಡು ಕೊನೆಗೂ ಗಿಡ್ಡ ಕಡ್ಡಿ ಜೋಡಿಸಿದವುಗಳ, ಒಂದು ಸೆಟ್ ಕೊಳ್ಳುವ ಆಲೋಚನೆಯಿದೆ. ಒಂದೇ ವಸ್ತುವಿನ ಪೂರ್ಣ ಸೆಟ್ ಕೊಳ್ಳುವುದು ಒಳ್ಳೆಯದೋ, ನೂಲಿಗೆ ತಕ್ಕಂತೆ ಬಿಡಿ ತುದಿಗಳನ್ನು ಕೂಡಿಸಿಕೊಳ್ಳುವುದು ಒಳ್ಳೆಯದೋ? ಇಂಥ ನೂಲಿಗೆ ಇಂಥ ಕಡ್ಡಿ ಎಂಬ ಪಟ್ಟಿಗಿಂತ, ಹೊಸ ನೂಲು ಕೈಗೆ ಬಂದಾಗ ನಾನೇ ಯೋಚಿಸಿ ತೀರ್ಮಾನಿಸಲು ನೆರವಾಗುವ ವಿವರಣೆ ಸಿಕ್ಕರೆ ಹೆಚ್ಚು ಸಂತೋಷ.

ಉತ್ತರ: ಕುಣಿಕೆಸಾಲು

ನೂಲೆಳೆ ಅವರಿಗೆ ನಮಸ್ಕಾರ. ನೀವು ವಿವರಿಸಿದ ಎರಡು ಅನುಭವಗಳಲ್ಲೇ ಉತ್ತರದ ಅರ್ಧ ಭಾಗವಿದೆ. ಕಡ್ಡಿ ಒಂದೇ, ಒಂದು ನೂಲು ಜಾರುತ್ತದೆ, ಇನ್ನೊಂದು ಸಿಕ್ಕಿಕೊಳ್ಳುತ್ತದೆ. ಕುಣಿಕೆ ಎಷ್ಟು ಸುಲಭವಾಗಿ ಸರಿಯುತ್ತದೆ ಎಂಬುದನ್ನು ಕಡ್ಡಿಯ ಮೈ ಮತ್ತು ನೂಲಿನ ಮೈ ಸೇರಿ ನಿರ್ಧರಿಸುತ್ತವೆ. ಆದ್ದರಿಂದ ನೂಲು ತಾನೇ ಜಾರುವಂಥದ್ದಾದರೆ ಹಿಡಿತವಿರುವ ಕಡ್ಡಿಯನ್ನೂ, ನೂಲಿನಲ್ಲೇ ಹಿಡಿತವಿದ್ದರೆ ನುಣುಪಾದ ಕಡ್ಡಿಯನ್ನೂ ಆರಿಸಿಕೊಳ್ಳುವುದು ನಾನು ಪಾಲಿಸುವ ಮೊದಲ ನಿಯಮ.

ಕಡ್ಡಿಗಳ ಪೈಕಿ ಅತಿ ಹೆಚ್ಚು ಜಾರುವುದು ನಿಕಲ್ ಲೇಪವಿರುವ ಹಿತ್ತಾಳೆಯದು. ಅದರ ಬೆನ್ನಿಗೇ ಪಾಲಿಶ್ ಮಾಡಿದ ಸ್ಟೇನ್‌ಲೆಸ್ ಉಕ್ಕು, ನಂತರ ಬಣ್ಣ ಲೇಪಿಸಿದ ಅಲ್ಯುಮಿನಿಯಂ. ಕಾರ್ಬನ್ ಫೈಬರ್ ಹಾಗೂ ಮೆರುಗೆಣ್ಣೆ ಹಚ್ಚಿದ ಗಟ್ಟಿಮರದ ಕಡ್ಡಿಗಳು ನಡುವೆ ನಿಲ್ಲುತ್ತವೆ. ಬಿದಿರಿನ ಕಡ್ಡಿ ಎಲ್ಲಕ್ಕಿಂತ ಹೆಚ್ಚು ಹಿಡಿಯುತ್ತದೆ. ಆದರೆ ಈ ಕ್ರಮವನ್ನು ಕಣ್ಣು ಮುಚ್ಚಿ ನಂಬಬೇಡಿ. ಚೆನ್ನಾಗಿ ಮೆರುಗು ಕೊಟ್ಟ ಬಿದಿರಿನ ಕಡ್ಡಿಯು ಬಳಸಿ ಬಳಸಿ ಮೈ ಒರಟಾದ ಅಲ್ಯುಮಿನಿಯಂಗಿಂತ ನುಣುಪಾಗಿರುವುದುಂಟು. ಉಣ್ಣೆಯಲ್ಲಿ ಉಳಿದಿರುವ ಲ್ಯಾನೊಲಿನ್ ಎಂಬ ಮೇಣದಂಥ ಜಿಡ್ಡು ಮತ್ತು ಕೈಯ ಸವೆತ ಸೇರಿ, ಮರದ ಕಡ್ಡಿಗಳು ಬಳಸಿದಷ್ಟೂ ನಯವಾಗುತ್ತವೆ.

ಇನ್ನು ನೂಲಿನ ವಿಚಾರ. ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಮೈತುಂಬ ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಹೊದ್ದಿಸಿದ ಹುರುಪೆಗಳು ಕಾಣುತ್ತವೆ. ಈ ಹುರುಪೆಗಳೂ ಎಳೆಯ ಸಹಜವಾದ ಸುರುಳಿಯೂ ಸೇರಿ ಉಣ್ಣೆಗೆ ಹಿಡಿತವನ್ನೂ ಹಿಗ್ಗುವ ಗುಣವನ್ನೂ ಕೊಡುತ್ತವೆ. ಕಡ್ಡಿಯಿಂದ ತಪ್ಪಿದ ಉಣ್ಣೆಯ ಕುಣಿಕೆ ಸಾಮಾನ್ಯವಾಗಿ ಇದ್ದಲ್ಲೇ ಬಾಯ್ದೆರೆದು ಕಾಯುತ್ತದೆ. ತಕ್ಷಣ ಕೆಳಗಿನ ಸಾಲುಗಳಿಗೆ ಬಿಚ್ಚಿಕೊಂಡು ಹೋಗುವುದಿಲ್ಲ. ಹಾಗಾಗಿ ಸಾಧಾರಣ ಉಣ್ಣೆಗೆ ಎಷ್ಟು ಜಾರುವ ಲೋಹದ ಕಡ್ಡಿಯಾದರೂ ನಡೆಯುತ್ತದೆ, ಕೈಯ ವೇಗವೂ ಹೆಚ್ಚುತ್ತದೆ.

ಆದರೆ ಯಂತ್ರದಲ್ಲಿ ಒಗೆಯಬಹುದಾದ ಉಣ್ಣೆ, ಅಂದರೆ ಸೂಪರ್‌ವಾಶ್ ಎಂದು ಚೀಟಿಯ ಮೇಲೆ ಬರೆದಿರುವುದು, ಬೇರೆಯೇ ಸ್ವಭಾವದ್ದು. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಕ್ಲೋರಿನ್‌ನಿಂದ ಆ ಹುರುಪೆಗಳ ಅಂಚನ್ನು ಸವೆಸಿ, ಮೇಲೆ ತೆಳುವಾದ ಪಾಲಿಮರ್ ಲೇಪ ಕೊಡುತ್ತಾರೆ. ಉಣ್ಣೆ ಮುದುಡಿ ಗಟ್ಟಿಯಾಗುವುದು ತಪ್ಪುತ್ತದೆ, ಅದರ ಜೊತೆಗೆ ಹಿಡಿತವೂ ಹೋಗುತ್ತದೆ. ಚೀಟಿಯಲ್ಲಿ ನೂರಕ್ಕೆ ನೂರು ಮೆರಿನೊ ಎಂದಿದ್ದರೂ ಅದು ಕಡ್ಡಿಯ ಮೇಲೆ ಬಹುಮಟ್ಟಿಗೆ ರೇಷ್ಮೆಯ ಹಾಗೆ ನಡೆದುಕೊಳ್ಳುವುದಕ್ಕೆ ಇದೇ ಕಾರಣ. ಒಂಟೆಯ ಕುಟುಂಬದ ಅಲ್ಪಾಕಾ ಪ್ರಾಣಿಯ ಎಳೆಯಲ್ಲಿ ಹುರುಪೆಗಳಿದ್ದರೂ ಅವು ತೆಳುವಾಗಿ ಮೈಗೆ ಒತ್ತಿಕೊಂಡಿರುತ್ತವೆ, ಸುರುಳಿಯೂ ಕಡಿಮೆ. ಅದಕ್ಕೂ ಮರದ ಕಡ್ಡಿಯೇ ವಾಸಿ.

ರೇಷ್ಮೆಗೆ ಹುರುಪೆಯೇ ಇಲ್ಲ, ಹಿಗ್ಗುವ ಗುಣವೂ ಅತ್ಯಲ್ಪ. ನಿಮ್ಮ ಶಾಲಿನ ನೂಲಿನಲ್ಲಿ ರೇಷ್ಮೆಯ ಜೊತೆಗಿರುವ ಮೆರಿನೊ ಕೂಡ ಸೂಪರ್‌ವಾಶ್ ಆಗಿದ್ದರೆ ಎರಡೂ ಕಡೆಯಿಂದ ಜಾರಿಕೆ ಕೂಡಿಕೊಂಡಂತಾಯಿತು. ಈ ಶಾಲಿಗೆ ಬಿದಿರು ಅಥವಾ ಪದರ ಪದರವಾಗಿ ಅಂಟಿಸಿ ಮಾಡಿದ ಬರ್ಚ್ ಮರದ ಕಡ್ಡಿಯನ್ನು ತೆಗೆದುಕೊಳ್ಳಿ ಎಂದು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಹತ್ತಿಯಲ್ಲಿ ಎರಡು ಬಗೆಗಳನ್ನು ಬೇರೆ ಮಾಡಿ ನೋಡಬೇಕು. ಹೊಳೆಯುವ ಮರ್ಸರೈಸ್ಡ್ ಹತ್ತಿಯನ್ನು ಬಿಗಿಯಾಗಿ ಎಳೆದು ಹಿಡಿದು ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಹದ ಮಾಡಿರುತ್ತಾರೆ. ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಕಂಡುಕೊಂಡ ಕ್ರಿಯೆಯಿಂದ ಬೆಳೆದುಬಂದ ವಿಧಾನವದು. ಚಪ್ಪಟೆಯಾಗಿ ತಿರುಚಿಕೊಂಡಿದ್ದ ಎಳೆ ಅದರಿಂದ ಉಬ್ಬಿ ದುಂಡಗಾಗಿ ನುಣುಪಾಗುತ್ತದೆ, ಆದ್ದರಿಂದ ಜಾರುತ್ತದೆ. ನಿಮ್ಮಲ್ಲಿರುವ ಹೊಳಪಿಲ್ಲದ ಹತ್ತಿಯ ಮೈ ಒಣಗಿದಂತಿರುತ್ತದೆ, ಜೊತೆಗೆ ಅದು ಉಣ್ಣೆಯ ಹಾಗೆ ಹಿಗ್ಗಿ ಮತ್ತೆ ಕುಗ್ಗುವುದಿಲ್ಲ. ಕಡ್ಡಿಯನ್ನು ಒಳಗೆ ತೂರಿಸಿದಾಗ ಉಣ್ಣೆಯ ಕುಣಿಕೆ ಸ್ವಲ್ಪ ಬಿಟ್ಟುಕೊಡುತ್ತದೆ, ಹತ್ತಿಯದು ಬಿಟ್ಟುಕೊಡುವುದಿಲ್ಲ, ಆ ಬಿಗಿಯನ್ನೆಲ್ಲ ನಿಮ್ಮ ಹೆಬ್ಬೆರಳು ತಾಳಿಕೊಳ್ಳಬೇಕಾಗುತ್ತದೆ. ಅದಕ್ಕೆ ಪಾಲಿಶ್ ಮಾಡಿದ ಉಕ್ಕಿನ ಕಡ್ಡಿ ಸೂಕ್ತ. ಲಿನನ್ ನೂಲು ಇನ್ನೂ ಬಿರುಸು. ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಕ್ರಿಲಿಕ್ ನೂಲನ್ನು ಪ್ಲಾಸ್ಟಿಕ್ ಕಡ್ಡಿಗೆ ಹಾಕಬೇಡಿ, ಎರಡೂ ಒಂದಕ್ಕೊಂದು ತಗುಲಿ ಕಿರುಗುಟ್ಟುತ್ತವೆ. ಲೋಹದ ಮೇಲೆ ಅದು ಸಲೀಸಾಗಿ ಸಾಗುತ್ತದೆ.

ಉತ್ತರ: ಲೇಸ್‌ಪ್ರಿಯೆ

ಕುಣಿಕೆಸಾಲು ಅವರ ವಿವರಣೆ ಬಹಳ ಉಪಯುಕ್ತವಾಗಿದೆ. ಆದರೂ ಹೆಣೆಯುವವರ ಕೈಯನ್ನು ಬಿಟ್ಟು ಕಡ್ಡಿ ಮತ್ತು ನೂಲನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದಕ್ಕೆ ನನ್ನ ಸಮ್ಮತಿಯಿಲ್ಲ. ನೂಲು ಕಡ್ಡಿಯನ್ನು ಸುತ್ತಿಕೊಂಡಿರುವಾಗ ಅದನ್ನು ಬಿಗಿಯಾಗಿ ಎಳೆದಷ್ಟೂ ಹಿಡಿತ ಹೆಚ್ಚುತ್ತದೆ. ಬಿಗಿಯಾಗಿ ಹೆಣೆಯುವ ಅಭ್ಯಾಸವಿರುವವರಿಗೆ ರೇಷ್ಮೆಯೂ ಬಿದಿರಿನ ಮೇಲೆ ಸಿಕ್ಕಿಕೊಳ್ಳಬಹುದು, ಸಡಿಲವಾಗಿ ಹೆಣೆಯುವವರಿಗೆ ಒರಟು ಉಣ್ಣೆಯೂ ನಿಕಲ್ ಲೇಪದ ಮೇಲೆ ಓಡಿಹೋಗಬಹುದು. ಆದ್ದರಿಂದ ಯಾವುದೇ ಹೊಸ ನೂಲಿನಲ್ಲಿ ಕೆಲವು ಸಾಲು ಹೆಣೆದು, ಎರಡೂ ಕೈಗಳು ಏನು ಮಾಡುತ್ತಿವೆ ಎಂದು ಗಮನಿಸಿ. ಎಡಗೈಯ ತೋರುಬೆರಳು ಪ್ರತಿ ಕುಣಿಕೆಗೂ ಬಲಗಡ್ಡಿಯ ತುದಿಯನ್ನು ಹಿಂದಕ್ಕೆ ತಳ್ಳುತ್ತಿದ್ದರೆ ಕಡ್ಡಿಗೆ ಹಿಡಿತ ಹೆಚ್ಚಾಗಿದೆ. ಕಡ್ಡಿ ಜಾರಿಹೋದೀತೆಂದು ಬಲಗೈಯ ಕಿರುಬೆರಳು ಬಿಗಿಯಾಗಿ ಮಡಚಿಕೊಂಡಿದ್ದರೆ ಜಾರಿಕೆ ಹೆಚ್ಚಾಗಿದೆ. ನೂಲಿನ ಚೀಟಿಗಿಂತ ಈ ಎರಡು ಬೆರಳುಗಳು ಖಚಿತವಾದ ಉತ್ತರ ಕೊಡುತ್ತವೆ.

ಮೊಹೇರ್ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಮೊದಲ ನಿಯಮ ಅಲ್ಲಿ ಅಷ್ಟು ಸರಳವಾಗಿ ಅನ್ವಯಿಸುವುದಿಲ್ಲ. ಮೊಹೇರ್ ಅಂಗೋರಾ ಮೇಕೆಯ ಕೂದಲು. ಎಳೆ ಉದ್ದ, ಹೊಳಪು ಹೆಚ್ಚು, ಮೈ ನುಣುಪು. ಎಳೆಯನ್ನಷ್ಟೇ ನೋಡಿದರೆ ಅದು ಜಾರಬೇಕು. ಆದರೆ ಶಾಲಿಗೆ ಬಳಸುವ ತೆಳು ನೂಲಿನಲ್ಲಿ ರೇಷ್ಮೆಯ ಸಣ್ಣ ತಿರುಳೊಂದಿದ್ದು ಅದರ ಸುತ್ತಲೂ ಈ ಕೂದಲುಗಳು ಹೊರಕ್ಕೆ ಚಾಚಿಕೊಂಡಿರುತ್ತವೆ. ಹೆಣೆದ ಕೂಡಲೇ ಪಕ್ಕದ ಕುಣಿಕೆಯ ಕೂದಲು ಈ ಕುಣಿಕೆಯ ಕೂದಲಿನೊಂದಿಗೆ ಹೆಣೆದುಕೊಂಡುಬಿಡುತ್ತದೆ. ಹೀಗಾಗಿ ಕುಣಿಕೆ ಕಳಚುವ ಭಯ ಮೊಹೇರ್‌ನಲ್ಲಿ ತೀರ ಕಡಿಮೆ, ಬಿಚ್ಚಬೇಕಾಗಿ ಬಂದರೆ ಮಾತ್ರ ಬಹಳ ಕಷ್ಟ. ಅಲ್ಲಿ ಕಡ್ಡಿಯಿಂದ ಬೇಕಾಗಿರುವುದು ಹಿಡಿತಕ್ಕಿಂತ ಹೆಚ್ಚಾಗಿ ಎಲ್ಲೂ ತೊಡಕಿಲ್ಲದ ಮೈ. ಬಿದಿರಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಬಿರೆದ್ದಿದ್ದರೂ ಕೂದಲು ಅದಕ್ಕೆ ಸಿಕ್ಕಿ, ಆ ಜಾಗದಲ್ಲಿ ನೂಲು ಉಂಡೆಗಟ್ಟುತ್ತದೆ. ಮೊಹೇರ್‌ಗೆ ನಾನು ಪಾಲಿಶ್ ಮಾಡಿದ ಉಕ್ಕನ್ನೋ, ದಪ್ಪನಾಗಿ ಮೆರುಗು ಕೊಟ್ಟ ಮರವನ್ನೋ ಬಳಸುತ್ತೇನೆ. ಮೆರುಗಿಲ್ಲದ ಬಿದಿರನ್ನು ಹತ್ತಿರಕ್ಕೂ ತರುವುದಿಲ್ಲ.

ತುದಿಯ ಆಕಾರಕ್ಕೂ ವಸ್ತುವಿನಷ್ಟೇ ಪ್ರಾಮುಖ್ಯವಿದೆ. ಮೂರು ಕುಣಿಕೆಗಳನ್ನು ಒಟ್ಟಿಗೆ ಹೆಣೆಯುವ ಲೇಸ್ ಕೆಲಸಕ್ಕೆ ಚೂಪಾದ, ನಿಧಾನವಾಗಿ ಸಣ್ಣಗಾಗುತ್ತ ಹೋಗುವ ತುದಿ ಬೇಕು. ಹಲವು ಎಳೆಗಳನ್ನು ಸಡಿಲವಾಗಿ ಹುರಿ ಮಾಡಿದ ಹತ್ತಿ ನೂಲಿಗೆ ಅದೇ ಚೂಪು ತುದಿ ಹಾನಿ, ಏಕೆಂದರೆ ಅದು ಕುಣಿಕೆಯ ಮಧ್ಯಕ್ಕೆ ಹೋಗುವ ಬದಲು ಎಳೆಗಳ ನಡುವೆ ತೂರಿ ನೂಲನ್ನು ಸೀಳುತ್ತದೆ. ಆದ್ದರಿಂದ ನೂಲೆಳೆ ಅವರೇ, ಹತ್ತಿಗೆ ಉಕ್ಕಿನ ಕಡ್ಡಿ ಕೊಳ್ಳುವುದಾದರೆ ತುದಿ ಕೊಂಚ ಮೊಂಡಾಗಿರುವುದನ್ನೇ ನೋಡಿ ಆರಿಸಿ. ಉದ್ದ ಚೂಪಿನ ಕಡ್ಡಿಯಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಕೆಲವರು ಹೊಸ ಕುಣಿಕೆಯನ್ನು ಕಡ್ಡಿಯ ಪೂರ್ಣ ದಪ್ಪದ ಭಾಗಕ್ಕೆ ತಾರದೆ ಸಣ್ಣಗಾದ ತುದಿಯಲ್ಲೇ ಬಿಗಿ ಮಾಡುತ್ತಾರೆ. ಆಗ 4 ಮಿ.ಮೀ. ಕಡ್ಡಿ ಹಿಡಿದಿದ್ದರೂ ಹೆಣೆಯುತ್ತಿರುವುದು 3 ಮಿ.ಮೀ. ದಪ್ಪದ ಮೇಲೆ. ಅಂಥ ಕುಣಿಕೆ ಹಿಂದಕ್ಕೆ ಸರಿಯಲೊಲ್ಲದು, ಅದಕ್ಕೆ ಕಡ್ಡಿಯ ವಸ್ತುವನ್ನು ದೂರಿದರೆ ಪ್ರಯೋಜನವಿಲ್ಲ.

ಕೊನೆಯದಾಗಿ, ಸರ್ಕ್ಯುಲರ್ ಕಡ್ಡಿಯಲ್ಲಿ ತುದಿಗೂ ಕೇಬಲ್‌ಗೂ ನಡುವಿನ ಕೂಡುಜಾಗವನ್ನು ಕೊಳ್ಳುವ ಮುನ್ನ ಬೆರಳ ಉಗುರಿನಿಂದ ಸವರಿ ನೋಡಿ. ಉಗುರು ತಡೆದರೆ ತೆಳು ನೂಲೂ ತಡೆಯುತ್ತದೆ. ಲೇಸ್ ನೂಲು ಆ ಸಂದಿಗೆ ಸಿಕ್ಕಿಕೊಂಡಾಗ ಒಂದು ಕುಣಿಕೆ ದೊಡ್ಡದಾಗಿ ಪಕ್ಕದ್ದು ಬಿಗಿಯಾಗುತ್ತದೆ; ಒಗೆದು ಹಿಗ್ಗಿಸಿ ಒಣಗಿಸಿದ ಮೇಲೂ ಆ ಗೆರೆ ಕೆಲವೊಮ್ಮೆ ಉಳಿದುಕೊಳ್ಳುತ್ತದೆ.

ಉತ್ತರ: ಐದುಕಡ್ಡಿ

ಮೇಲಿನ ಇಬ್ಬರೂ ನೂಲಿನ ಕಡೆಯಿಂದ ವಿಚಾರ ಮಾಡಿದ್ದಾರೆ. ಕೈಗೆ ಸಂಬಂಧಿಸಿದ ಒಂದೆರಡು ಮಾತುಗಳನ್ನು ಸೇರಿಸುತ್ತೇನೆ.

ನಿಕಲ್ ಲೋಹ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅಗ್ಗದ ಓಲೆ ಅಥವಾ ಕೈಗಡಿಯಾರದ ಕೊಂಡಿ ತಗುಲಿದ ಕಡೆ ನವೆಯೆದ್ದು ಕೆಂಪಾಗುವ ಅನುಭವ ನಿಮಗಿದ್ದರೆ ನಿಕಲ್ ಲೇಪದ ಕಡ್ಡಿಯಿಂದ ದೂರವಿರಿ. ಸಾಮಾನ್ಯ ಸ್ಟೇನ್‌ಲೆಸ್ ಉಕ್ಕಿನಲ್ಲೂ ಶೇಕಡಾ 8 ಅಥವಾ ಅದಕ್ಕಿಂತ ಹೆಚ್ಚು ನಿಕಲ್ ಇರುತ್ತದೆ, ಆದರೆ ಅದು ಹೊರಗೆ ಬಿಡುಗಡೆಯಾಗುವುದು ತೀರ ಕಡಿಮೆಯಾದ್ದರಿಂದ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ. ಅಷ್ಟೂ ಆಗದವರು ಮರ, ಬಿದಿರು ಅಥವಾ ಕಾರ್ಬನ್ ಫೈಬರ್ ಆರಿಸಿಕೊಳ್ಳಬೇಕು. ಅಲ್ಯುಮಿನಿಯಂ ಕಡ್ಡಿಯ ಬಣ್ಣದ ಲೇಪ ಸವೆದಿದ್ದರೆ ಬಿಳಿಯ ಅಥವಾ ತಿಳಿಬಣ್ಣದ ನೂಲಿಗೆ ಬೂದು ಬಣ್ಣದ ಮಸಿ ಹತ್ತುತ್ತದೆ. ಕಡ್ಡಿಯನ್ನು ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿದರೆ ತಿಳಿಯುತ್ತದೆ.

ಕಾಲುಚೀಲ, ಕೈಗವಸು ಹೆಣೆಯಲು ಎರಡೂ ಕಡೆ ಚೂಪಾಗಿರುವ ಗಿಡ್ಡ ಕಡ್ಡಿಗಳನ್ನು ಬಳಸುವವರು ವಸ್ತುವಿನ ಬಗ್ಗೆ ಇನ್ನೂ ಹೆಚ್ಚು ಯೋಚಿಸಬೇಕಾಗುತ್ತದೆ. ಐದು ಕಡ್ಡಿಗಳ ಪೈಕಿ ಎರಡು ಕೈಯಲ್ಲಿರುವಾಗ ಉಳಿದ ಮೂರು ಯಾರೂ ಹಿಡಿಯದೆ ತೂಗಾಡುತ್ತಿರುತ್ತವೆ. ಅವು ಉಕ್ಕಿನದಾಗಿದ್ದು ನೂಲು ಸೂಪರ್‌ವಾಶ್ ಆಗಿದ್ದರೆ, ತಮ್ಮ ಭಾರಕ್ಕೆ ತಾವೇ ಜಾರಿ ಕುಣಿಕೆಗಳನ್ನೆಲ್ಲ ಬಿಟ್ಟು ನೆಲ ಸೇರುತ್ತವೆ. ಅಲ್ಲಿ ಮರ ಅಥವಾ ಬಿದಿರು ಒಳ್ಳೆಯದು. ಆದರೆ 2.25 ಮಿ.ಮೀ. ದಪ್ಪದ ಮರದ ಕಡ್ಡಿ ಬಿಗಿ ಕೈಯಲ್ಲಿ ಮುರಿಯುತ್ತದೆ, ಬಿದಿರಿನದು ಬಾಗುತ್ತದೆ. ಸಣ್ಣ ಅಳತೆಗಳಲ್ಲಿ ಹಿಡಿತವೂ ಗಟ್ಟಿತನವೂ ಒಟ್ಟಿಗೆ ಬೇಕಾದವರಿಗೆ ಕಾರ್ಬನ್ ಫೈಬರ್ ಕಡ್ಡಿಗೆ ಸಮನಾದದ್ದು ಇಲ್ಲವೆಂದೇ ನನ್ನ ಅಭಿಪ್ರಾಯ. ಚಳಿಯಲ್ಲಿ ಹೆಣೆಯುವವರು ಮತ್ತು ಬೆರಳ ಕೀಲು ನೋವಿರುವವರು ಮರವನ್ನು ಮೆಚ್ಚುವುದು, ಲೋಹದ ಹಾಗೆ ಅದು ಕೈಯ ಬಿಸಿಯನ್ನು ಎಳೆದುಕೊಳ್ಳುವುದಿಲ್ಲ ಎಂಬ ಕಾರಣಕ್ಕೆ.

ನೂಲೆಳೆ

ಇಷ್ಟು ಶ್ರಮವಹಿಸಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬಿಡಿ ತುದಿಗಳನ್ನೇ ಕೊಳ್ಳುವುದೆಂದು ತೀರ್ಮಾನಿಸಿದ್ದೇನೆ: ಶಾಲಿಗೆ 3.5 ಮಿ.ಮೀ. ಬರ್ಚ್, ಹತ್ತಿಗೆ 4 ಮಿ.ಮೀ. ಮೊಂಡು ತುದಿಯ ಉಕ್ಕು. ಮೊಹೇರ್ ಸದ್ಯಕ್ಕೆ ಕಾಯಲಿ.

ಇನ್ನೆರಡು ಸಂದೇಹಗಳಿವೆ. ಒಂದೇ ಕೇಬಲ್‌ನ ಒಂದು ತುದಿಗೆ ಮರವನ್ನೂ ಇನ್ನೊಂದಕ್ಕೆ ಉಕ್ಕನ್ನೂ ಜೋಡಿಸಿಕೊಳ್ಳುವುದು ಸರಿಯೇ? ಎರಡನೆಯದಾಗಿ, ಹತ್ತಿ ಅಂಗಿಯ ಬೆನ್ನಿನ ಭಾಗವನ್ನು 4 ಮಿ.ಮೀ. ಅಲ್ಯುಮಿನಿಯಂನಲ್ಲಿ ಆಗಲೇ ಹೆಣೆದಾಗಿದೆ. ಅಳತೆ ಅದೇ 4 ಮಿ.ಮೀ. ಆಗಿರುವುದರಿಂದ ಮುಂಭಾಗವನ್ನು ಉಕ್ಕಿನ ಕಡ್ಡಿಯಲ್ಲಿ ಹೆಣೆಯಬಹುದೇ?

ಉತ್ತರ: ಕುಣಿಕೆಸಾಲು

ಎರಡು ವಸ್ತುಗಳನ್ನು ಜೋಡಿಸುವುದು ಸರಿಯಷ್ಟೇ ಅಲ್ಲ, ನಿಮ್ಮ ಶಾಲಿಗೆ ಅದರಿಂದ ಅನುಕೂಲವೂ ಇದೆ. ಕುಣಿಕೆಯ ಗಾತ್ರವನ್ನು ನಿರ್ಧರಿಸುವುದು ಬಲಗೈಯ ತುದಿ. ಎಡಗೈಯದು ಹಳೆಯ ಕುಣಿಕೆಗಳನ್ನು ಹಿಡಿದುಕೊಂಡಿರುತ್ತದೆ. ಶಾಲನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ಹೆಣೆಯುವಾಗ ಒಂದು ತುದಿ ಸದಾ ವಿನ್ಯಾಸದ ಸಾಲನ್ನೂ ಇನ್ನೊಂದು ಸದಾ ಹಿಂಬದಿಯ ಪರ್ಲ್ (ಉಲ್ಟಾ ಹೆಣಿಗೆಯ) ಸಾಲನ್ನೂ ಹೆಣೆಯುತ್ತದೆ. ವಿನ್ಯಾಸದ ಸಾಲನ್ನು ಚೂಪಾದ ಉಕ್ಕಿನಿಂದ ಹೆಣೆದರೆ, ಆ ಹೊತ್ತಿಗೆ ಎಡಗೈಯಲ್ಲಿರುವ ಮರದ ತುದಿ ಕಾಯುತ್ತಿರುವ ಕುಣಿಕೆಗಳನ್ನು ಕಳಚದಂತೆ ಹಿಡಿದಿರುತ್ತದೆ. ನಿಮ್ಮ ಕುಣಿಕೆಗಳು ಕಳಚುತ್ತಿದ್ದುದು ಅಲ್ಲಿಯೇ ಅಲ್ಲವೇ? ಹಲವರ ಪರ್ಲ್ ಸಾಲು ನಿಟ್ (ನೇರ ಹೆಣಿಗೆಯ) ಸಾಲಿಗಿಂತ ಸಡಿಲವಾಗಿ ಬರುತ್ತದೆ. ಅಂಥವರು ಪರ್ಲ್ ಹೆಣೆಯುವ ತುದಿಯನ್ನು 0.25 ಅಥವಾ 0.5 ಮಿ.ಮೀ. ಸಣ್ಣದು ಹಾಕಿಕೊಂಡರೆ ಸಾಲುಗಳು ಸಮನಾಗುತ್ತವೆ. ಸುತ್ತಾಗಿ ಹೆಣೆಯುವಾಗ ಮಾತ್ರ ಬಲತುದಿ ಯಾವಾಗಲೂ ಬಲತುದಿಯೇ ಆಗಿರುವುದರಿಂದ ಈ ಉಪಾಯದ ಎರಡನೆಯ ಭಾಗ ಅಲ್ಲಿ ನಡೆಯುವುದಿಲ್ಲ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ, ಬೇಡ ಎಂದೇ. ಕಡ್ಡಿಯ ಮೇಲಿನ ಅಳತೆ ಒಂದೇ ಆಗಿದ್ದರೂ ಹೆಚ್ಚು ಜಾರುವ ಕಡ್ಡಿಗೆ ಕೈ ಬೇರೆ ರೀತಿಯಲ್ಲಿ ಒಗ್ಗಿಕೊಳ್ಳುತ್ತದೆ. ಕೆಲವರದು ಸಡಿಲವಾಗುತ್ತದೆ, ಕೆಲವರು ಜಾರುವ ಭಯಕ್ಕೆ ನೂಲನ್ನು ಬಿಗಿ ಹಿಡಿಯುತ್ತಾರೆ. ನಿಮ್ಮ ಬೆನ್ನಿನ ಭಾಗದಲ್ಲಿ 10 ಸೆಂ.ಮೀ.ಗೆ 22 ಕುಣಿಕೆಗಳಿವೆ ಎಂದಿಟ್ಟುಕೊಳ್ಳೋಣ. 100 ಕುಣಿಕೆಗಳ ಅಗಲ ಸುಮಾರು 45.5 ಸೆಂ.ಮೀ. ಆಯಿತು. ಉಕ್ಕಿನ ಮೇಲೆ ಅದು 21 ಕುಣಿಕೆಗೆ ಇಳಿದರೆ ಮುಂಭಾಗದ ಅಗಲ 47.6 ಸೆಂ.ಮೀ. ದಾಟುತ್ತದೆ. ಅಗಲದ ವ್ಯತ್ಯಾಸವನ್ನು ಹೊಲಿಯುವಾಗ ಹೇಗೋ ಹೊಂದಿಸಬಹುದು, ಆದರೆ ಸಾಲುಗಳ ಲೆಕ್ಕವೂ ಬದಲಾಗುವುದರಿಂದ ಕಂಕುಳಿನಿಂದ ಭುಜದವರೆಗಿನ ಎತ್ತರ ಎರಡು ಭಾಗಗಳಲ್ಲಿ ಬೇರೆ ಬೇರೆಯಾಗುತ್ತದೆ. ಹಿಗ್ಗದ ಹತ್ತಿಯಲ್ಲಿ ಅದನ್ನು ಎಳೆದು ಸರಿಪಡಿಸಲು ಬರುವುದಿಲ್ಲ.

ಉಕ್ಕಿನ ಕಡ್ಡಿಯನ್ನೇ ಬಳಸಬೇಕೆಂಬ ಮನಸ್ಸಿದ್ದರೆ ಅದರಲ್ಲಿ 15 ಸೆಂ.ಮೀ. ಚೌಕದ ಮಾದರಿ ತುಂಡೊಂದನ್ನು ಹೆಣೆದು, ಅಂಗಿಯನ್ನು ಒಗೆಯುವ ಹಾಗೆಯೇ ಒಗೆದು, ಪೂರ್ತಿ ಒಣಗಿದ ಮೇಲೆ ನಡುವಿನ 10 ಸೆಂ.ಮೀ.ಯಲ್ಲಿ ಕುಣಿಕೆಗಳನ್ನೂ ಸಾಲುಗಳನ್ನೂ ಎಣಿಸಿ. ಬೆನ್ನಿನ ಭಾಗವನ್ನೂ ಒಗೆದೇ ಎಣಿಸಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಎರಡೂ ಎಣಿಕೆ ಸರಿಹೊಂದಿದರೆ ಧಾರಾಳವಾಗಿ ಮುಂದುವರಿಯಿರಿ. ಉಕ್ಕಿನ ತುಂಡಿನಲ್ಲಿ ಕುಣಿಕೆಗಳು ಕಡಿಮೆ ಬಂದರೆ 3.75 ಮಿ.ಮೀ. ಉಕ್ಕಿನಲ್ಲಿ, ಹೆಚ್ಚು ಬಂದರೆ ಒಂದು ಅಳತೆ ದಪ್ಪದರಲ್ಲಿ ಇನ್ನೊಂದು ತುಂಡು ಹೆಣೆದು ನೋಡಿ. ಅದೂ ಹೊಂದದಿದ್ದರೆ ಮುಂಭಾಗವನ್ನು ಅಲ್ಯುಮಿನಿಯಂನಲ್ಲೇ ಮುಗಿಸುವುದು ಕ್ಷೇಮ. ಹೆಬ್ಬೆರಳಿಗೆ ನಡುನಡುವೆ ವಿಶ್ರಾಂತಿ ಕೊಡಿ. ಕುತ್ತಿಗೆಯ ಪಟ್ಟಿ ಮತ್ತು ತೋಳಿನ ಅಂಚುಗಳನ್ನು ಹೇಗೂ ಬೇರೆ ಅಳತೆಯ ಕಡ್ಡಿಯಲ್ಲಿ ಹೆಣೆಯುವುದರಿಂದ ಅವುಗಳಿಗೆ ಉಕ್ಕನ್ನು ಬಳಸಲು ಯಾವ ಅಡ್ಡಿಯೂ ಇಲ್ಲ.

ಉತ್ತರ: ಲೇಸ್‌ಪ್ರಿಯೆ

ಬರ್ಚ್ ತುದಿ ಕೊಳ್ಳುವುದಾದರೆ ಅದರ ಆರೈಕೆಯ ಬಗ್ಗೆಯೂ ತಿಳಿದಿರಲಿ. ಹೊಸ ಮರದ ಕಡ್ಡಿಯ ತುದಿಯನ್ನು ತುಂಡು ರೇಷ್ಮೆ ಬಟ್ಟೆಯ ಮೇಲೆ ಎಳೆದು ನೋಡಿ. ಎಲ್ಲಾದರೂ ತೊಡರಿದರೆ 400ರ ನಂತರ 600 ಅಂಕದ ನಯವಾದ ಮರಳು ಕಾಗದದಿಂದ, ಮರದ ಗೆರೆಗಳು ಓಡುವ ದಿಕ್ಕಿನಲ್ಲೇ ಮೆತ್ತಗೆ ಉಜ್ಜಿ, ಪುಡಿಯನ್ನು ಒಣಬಟ್ಟೆಯಿಂದ ಒರೆಸಿ, ಮೇಣದ ಕಾಗದದಿಂದ ತೀಡಿದರೆ ಮೈ ಮತ್ತೆ ನಯವಾಗುತ್ತದೆ. ಮೆರುಗು ಹೋಗುವಷ್ಟು ಉಜ್ಜಬೇಡಿ. ಮರವನ್ನಾಗಲಿ ಬಿದಿರನ್ನಾಗಲಿ ನೀರಿನಲ್ಲಿ ನೆನೆಸಲೂ ಬಾರದು. ಸುರುಳಿ ಸುತ್ತಿಕೊಂಡಿರುವ ಕೇಬಲ್ ನೇರವಾಗಬೇಕೆಂದರೆ ತುದಿಗಳನ್ನು ಬಿಚ್ಚಿಟ್ಟು ಕೇಬಲ್ಲನ್ನು ಮಾತ್ರ ಬಿಸಿನೀರಿನಲ್ಲಿ ಅದ್ದಿ, ಎಳೆದು ಹಿಡಿದು ತಣಿಯಲು ಬಿಡಿ.